ಒಂದೇ ಟ್ಯಾಬಿನ ಮುಂದೆ ಇಬ್ಬರು ಮಕ್ಕಳು

ಪ್ರಶ್ನೆ: ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ (ಮೊದಲ ಮೂರು ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯುವ ಪದ್ಧತಿ) ಶಿಕ್ಷಕಿ ನಾನು. ಒಂದರಿಂದ ಮೂರನೇ ತರಗತಿವರೆಗೆ ಒಟ್ಟು 17 ಮಕ್ಕಳಿದ್ದಾರೆ. ಊರಿನ ಹಳೆಯ ವಿದ್ಯಾರ್ಥಿಗಳು ಸೇರಿ 5 ಟ್ಯಾಬ್ ಕೊಡಿಸಿದ್ದಾರೆ. ಅವುಗಳಲ್ಲಿ ಕನ್ನಡ ಕಥೆಪುಸ್ತಕಗಳನ್ನು ಹಾಕಿದ್ದೇವೆ. ಪುಟ ತಾನೇ ಓದಿ ಹೇಳುತ್ತದೆ, ಚಿತ್ರ ಮುಟ್ಟಿದರೆ ಕುಣಿಯುತ್ತದೆ. ಟ್ಯಾಬ್ ಸಾಲದ್ದರಿಂದ ಇಬ್ಬಿಬ್ಬರನ್ನು ಕೂರಿಸುತ್ತೇನೆ. ಒಬ್ಬರು ಒತ್ತುತ್ತಲೇ ಇರುತ್ತಾರೆ, ಇನ್ನೊಬ್ಬರು ಸುಮ್ಮನೆ ನೋಡುತ್ತಾ ಕೂರುತ್ತಾರೆ. ಕರು ಜೌಗಿನಲ್ಲಿ ಸಿಕ್ಕಿಕೊಳ್ಳುವ ಕಥೆಯೊಂದಿದೆ. ಮುಗಿದ ಮೇಲೆ ಕೇಳಿದರೆ ಕಪ್ಪೆ ಎಷ್ಟು ಸಲ ವಟಗುಟ್ಟಿತು ಅಂತ ಹೇಳುತ್ತಾರೆ, ಕರು ಯಾಕೆ ಅಲ್ಲಿಗೆ ಹೋಯಿತು ಅಂತ ಹೇಳುವುದಿಲ್ಲ. ಜೋಡಿಯಲ್ಲಿ ಓದಿಸುವುದರಿಂದ ನಿಜವಾಗಿ ಪ್ರಯೋಜನ ಇದೆಯೇ? ಯಾರ ಜೊತೆ ಯಾರನ್ನು ಕೂರಿಸಬೇಕು? ‘ಮನೇಲೂ ಮೊಬೈಲು, ಸ್ಕೂಲಲ್ಲೂ ಅದೇನಾ’ ಅಂತ ಒಂದಿಬ್ಬರು ತಾಯಂದಿರು ಬೇಸರ ಮಾಡಿಕೊಂಡಿದ್ದಾರೆ. ತಲೆಗೊಂದು ಆಗುವಷ್ಟು ಟ್ಯಾಬ್ ಕೊಡಿಸುತ್ತೇವೆ ಎಂದು ಹಳೆಯ ವಿದ್ಯಾರ್ಥಿಗಳು ಮತ್ತೆ ಮುಂದೆ ಬಂದಿದ್ದಾರೆ. ಒಪ್ಪಿಕೊಳ್ಳಲೇ?

ಉತ್ತರ: ಮೇಡಂ, ಜೋಡಿಯಲ್ಲಿ ಓದಿಸುವುದನ್ನು ದಯವಿಟ್ಟು ಬಿಡಬೇಡಿ. ಇಬ್ಬರು ಒಟ್ಟಿಗೆ ಕೂತಿದ್ದು ತೊಂದರೆಯ ಮೂಲ ಅಂತ ನನಗೆ ಅನ್ನಿಸುತ್ತಿಲ್ಲ. ಇಬ್ಬರ ನಡುವೆ ಮಾತು ಹುಟ್ಟಲು ಆ ಪುಸ್ತಕ ಪುರುಸೊತ್ತೇ ಕೊಡುತ್ತಿಲ್ಲ. ಟ್ಯಾಬು ಚೆನ್ನಾಗಿ ಓದಿ ಹೇಳುತ್ತದೆ, ಎಷ್ಟು ಸಲ ಕೇಳಿದರೂ ಬೇಸರಿಸದೆ ಹೇಳುತ್ತದೆ. ಆದರೆ ಮಗುವಿಗೆ ಕಥೆ ದಕ್ಕುವುದು ಪಕ್ಕದಲ್ಲಿ ಕೂತವರಿಗೆ ಅದನ್ನು ಹೇಳುವಾಗ, ಅವರು ‘ಅಂಗಲ್ಲ’ ಅಂದಾಗ, ಇಬ್ಬರೂ ಹಿಂದಿನ ಪುಟಕ್ಕೆ ಹೋಗಿ ಮತ್ತೆ ನೋಡಿದಾಗ. ಆ ಮಾತಿಗೆ ಎಡೆ ಮಾಡಿಕೊಡುವುದೇ ನಿಮ್ಮ ಮುಂದಿರುವ ಕೆಲಸ.

ಕಪ್ಪೆಯಿಂದಲೇ ಶುರು ಮಾಡೋಣ. ಇಂಥ ಪುಸ್ತಕಗಳಲ್ಲಿ ಮುಟ್ಟಿದರೆ ಏನಾದರೂ ಆಗುವ ಜಾಗಗಳು ಎರಡು ಬಗೆಯವು. ಕರುವನ್ನು ಮುಟ್ಟಿದಾಗ ಅದರ ಕಾಲು ಇನ್ನೊಂದಿಷ್ಟು ಹೂತುಹೋದರೆ ಅದು ಕಥೆಯನ್ನೇ ಕಣ್ಣಿಗೆ ಕಟ್ಟಿಕೊಟ್ಟ ಹಾಗೆ. ಮೂಲೆಯಲ್ಲಿ ಕೂತ ಕಪ್ಪೆ ವಟಗುಟ್ಟಿದರೆ ಅದಕ್ಕೂ ಕರುವಿನ ಪಾಡಿಗೂ ಯಾವ ಸಂಬಂಧವೂ ಇಲ್ಲ. ಆರು ವರ್ಷದ ಮಗು ಒಂದು ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು ಬಹಳ ಸ್ವಲ್ಪ. ಕಪ್ಪೆ ಬಂದು ಕೂತರೆ ಕರು ಎದ್ದುಹೋಗುತ್ತದೆ. ನಿಮ್ಮ ಮಕ್ಕಳು ಗಮನವಿಟ್ಟು ನೋಡುತ್ತಿಲ್ಲ ಅಂತ ತಿಳಿಯಬೇಡಿ. ಕಪ್ಪೆಯ ಕೂಗನ್ನು ಎಣಿಸಿ ಹೇಳುತ್ತಾರೆ ಅಂದರೆ ಗಮನ ಭದ್ರವಾಗಿಯೇ ಇದೆ, ಪುಸ್ತಕ ಅದನ್ನು ಬೇರೆ ಕಡೆಗೆ ಎಳೆದುಕೊಂಡು ಹೋಗಿದೆ.

ನೆದರ್‌ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಆಡ್ರಿಯಾನಾ ಬುಸ್ ಮತ್ತು ಜೊತೆಗಾರರು 2015ರಲ್ಲಿ ಇಂಥ 43 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಲೆಕ್ಕ ಅದು. ಕಥೆಗೆ ಹೊಂದಿಕೊಂಡು ಚಲಿಸುವ ಚಿತ್ರ, ಸಂಗೀತ, ಸದ್ದು ಇವು ಅರ್ಥ ಮಾಡಿಕೊಳ್ಳಲು ನೆರವಾಗುತ್ತವೆ. ಮುಟ್ಟಿ ಆಡುವ ಜಾಗಗಳು, ನಡುವೆ ಬರುವ ಆಟಗಳು ಮಕ್ಕಳನ್ನು ಕಥೆಯಿಂದ ಆಚೆಗೆ ಒಯ್ಯುತ್ತವೆ ಎಂಬುದು ಅವರಿಗೆ ಕಂಡದ್ದು. 2021ರಲ್ಲಿ ಬುಸ್ ಅವರೇ ನಾರ್ವೆಯ ಸಂಶೋಧಕಿಯರ ಜೊತೆ ಎಂಟು ವರ್ಷದೊಳಗಿನ ಮಕ್ಕಳ ಬಗೆಗಿನ 39 ಅಧ್ಯಯನಗಳನ್ನು ನೋಡಿದರು. ಕಾಗದದ ಪುಸ್ತಕವನ್ನೇ ಹಾಗೆಹಾಗೇ ಪರದೆಗೆ ಹಾಕಿದರೆ ಕಾಗದವೇ ಮೇಲು. ಕಥೆಯ ತಿರುಳಿಗೆ ಒತ್ತು ಕೊಡುವಂಥದ್ದನ್ನು ಸೇರಿಸಿದ್ದರೆ ಮಾತ್ರ ಪರದೆ ಮುಂದೆ ಹೋಗುತ್ತದೆ. ಪುಸ್ತಕದೊಳಗೇ ಇರುವ ನಿಘಂಟು ಪದ ಕಲಿಸುತ್ತದೆ, ಕಥೆ ತಿಳಿಯಲು ಸಹಾಯ ಮಾಡುವುದಿಲ್ಲ ಎಂಬುದನ್ನೂ ಅವರು ಕಂಡರು.

ಹಾಗಾಗಿ ಪುಸ್ತಕ ಆರಿಸುವಾಗ ನೀವೇ ಒಂದು ಸಂಜೆ ಕೂತು ಪ್ರತಿ ಪುಟ ಮುಟ್ಟಿ ನೋಡಿ. ಮುಟ್ಟಿದ್ದರಿಂದ ಕಥೆ ಒಂದು ಹೆಜ್ಜೆ ಮುಂದೆ ಹೋಯಿತೇ ಅಂತ ಕೇಳಿಕೊಂಡರೆ ಸಾಕು. ಓದುವಾಗ ಆಯಾ ಪದಕ್ಕೆ ಬಣ್ಣ ಬರುವ ಪುಸ್ತಕ ಸಿಕ್ಕರೆ ಮೊದಲು ಅದನ್ನು ಇಟ್ಟುಕೊಳ್ಳಿ. ದೊಡ್ಡವರು ಓದಿ ಹೇಳುವಾಗ ಚಿಕ್ಕ ಮಕ್ಕಳ ಕಣ್ಣು ಎಲ್ಲಿ ಓಡುತ್ತದೆ ಎಂದು ಉಪಕರಣವಿಟ್ಟು ಅಳೆದಿದ್ದಾರೆ. ಕಣ್ಣೆಲ್ಲ ಚಿತ್ರದ ಮೇಲೆ, ಅಕ್ಷರದ ಕಡೆ ಹೋಗುವುದು ಅಪರೂಪ. ಬಣ್ಣ ಬಂದರೆ ಕಣ್ಣು ಅಕ್ಷರಕ್ಕೆ ಇಳಿಯುತ್ತದೆ.

ಇನ್ನು ಜೋಡಿಯ ವಿಚಾರ. ಇಸ್ರೇಲಿನ ಬಾರ್-ಇಲಾನ್ ವಿಶ್ವವಿದ್ಯಾಲಯದ ಅದೀನಾ ಶಮೀರ್ ಮತ್ತು ಓಫ್ರಾ ಕೊರಾತ್ ಬಡ ಕುಟುಂಬಗಳ ಶಿಶುವಿಹಾರದ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಕಥೆಪುಸ್ತಕ ಕೊಟ್ಟು, ಒಂಟಿಯಾಗಿ ಓದಿದವರನ್ನೂ ಜೋಡಿಯಲ್ಲಿ ಓದಿದವರನ್ನೂ ಹೋಲಿಸಿ ನೋಡಿದ್ದಾರೆ. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಜೋಡಿಯಲ್ಲಿ ಓದಿದವರೇ ಮುಂದಿದ್ದರು. ಯಾಕೆ ಮುಂದಿದ್ದರು ಅನ್ನುವುದು ನನಗೆ ಅರ್ಥವಾದದ್ದು ಅಂಕಿಯಿಂದಲ್ಲ, ಶ್ರೀರಂಗಪಟ್ಟಣದ ಕಡೆಯ ಒಂದು ಶಾಲೆಯ ಜಗಲಿಯಲ್ಲಿ.

ಎರಡನೇ ತರಗತಿಯ ಇಬ್ಬರು ಹುಡುಗಿಯರು ಚಾಪೆಯ ಮೇಲೆ ಟ್ಯಾಬ್ ಇಟ್ಟುಕೊಂಡು ಬಗ್ಗಿ ಕೂತಿದ್ದರು. ನಿಮ್ಮ ಕರುವಿನ ಕಥೆಯಂಥದ್ದೇ ಒಂದು. ಒಬ್ಬಳದು ನಾಲೆ ಬಯಲಿನ ಮನೆ. ಇನ್ನೊಬ್ಬಳು ಮಳೆ ನಂಬಿದ ಊರಿನಿಂದ ಅಜ್ಜಿ ಮನೆಗೆ ಬಂದು ಓದುತ್ತಿದ್ದವಳು. ಟ್ಯಾಬು ‘ಜೌಗು’ ಅಂದಾಗ ಇವಳು ತಲೆ ಎತ್ತಿದಳು.

“ಜೌಗು ಅಂದ್ರೆ?”

“ನಾಲೆ ಮಗ್ಗುಲಾಗೆ ನಮ್ಮ ಗದ್ದೆ ಐತಲ್ಲ, ಕಾಲಿಟ್ರೆ ಒಳಕ್ಕೆ ಊತ್ಕತದೆ, ಅದು ಕಣಮ್ಮಿ.”

“ಅಂಗಾರೆ ಕರ ಈಚಿಗೆ ಬರಾಕಿಲ್ವಾ?”

“ಒಸಿ ತಡಿ, ಒತ್ತಬ್ಯಾಡ. ಅವರಪ್ಪ ಅಗ್ಗ ತತ್ತಾನೆ ನೋಡು.”

ಪುಟ ತಿರುಗಿಸಿದರು. ಅಪ್ಪ ಹಗ್ಗ ತರಲಿಲ್ಲ, ಹಲಗೆ ತಂದ. ಇಬ್ಬರೂ ಒಂದು ಕ್ಷಣ ಸುಮ್ಮನಾದರು. ಆಮೇಲೆ ನಾಲೆ ಬಯಲಿನವಳು ಮೆಲ್ಲಗೆ ಹೇಳಿದಳು: “ಅಗ್ಗ ಆಕಿ ಎಳುದ್ರೆ ಕಾಲು ಮುರ್ದೋಯ್ತದೆ, ಅದ್ಕೆಯಾ.”

ಇಷ್ಟೇ ಮಾತು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಅಷ್ಟರಲ್ಲಿ ಒಂದು ಪದದ ಅರ್ಥ ಕೇಳಿದ್ದಾಯಿತು, ಹೇಳಿದ್ದಾಯಿತು. ಆ ಅರ್ಥದಿಂದ ಕರುವಿಗೆ ಏನಾಗಬಹುದು ಅಂತ ಒಬ್ಬಳು ತಾನಾಗಿ ಯೋಚಿಸಿದಳು. ಇನ್ನೊಬ್ಬಳು ಮುಂದಿನದನ್ನು ಊಹಿಸಿದಳು, ಊಹೆ ತಪ್ಪಾದಾಗ ಯಾಕೆ ತಪ್ಪಾಯಿತು ಅಂತ ಕಾರಣವನ್ನೂ ಕಂಡುಕೊಂಡಳು. ಆ ಕಾರಣ ಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಓದಿದ್ದನ್ನು ಅರ್ಥ ಮಾಡಿಕೊಳ್ಳುವುದು ಅಂತ ನಾವು ತರಬೇತಿಗಳಲ್ಲಿ ದಿನವಿಡೀ ಹೇಳುತ್ತೇವಲ್ಲ, ಅದಷ್ಟೂ ಆ ಚಾಪೆಯ ಮೇಲೆ ನಡೆದುಹೋಯಿತು.

ಇನ್ನೊಂದು ವಿಷಯವನ್ನೂ ಗಮನಿಸಿ. ಟ್ಯಾಬು ಮಾತಾಡಿದ್ದು ಪುಸ್ತಕದ ಕನ್ನಡ. ಗೆಳತಿ ಮಾತಾಡಿದ್ದು ಮನೆಯ ಕನ್ನಡ. ಮಂಡ್ಯ ಸೀಮೆಯ ಮಗು ‘ಐತೆ’, ‘ಒಸಿ’, ‘ಮಗ್ಗುಲು’ ಅನ್ನುತ್ತಾ ಶಾಲೆಗೆ ಬರುತ್ತದೆ. ಪುಸ್ತಕ ‘ಇದೆ’, ‘ಸ್ವಲ್ಪ’, ‘ಪಕ್ಕ’ ಅನ್ನುತ್ತದೆ. ಈ ಎರಡರ ನಡುವೆ ಸೇತುವೆ ಹಾಕುವುದಕ್ಕೆ ಅದೇ ವಯಸ್ಸಿನ, ಅದೇ ಬೀದಿಯ ಇನ್ನೊಂದು ಮಗುವಿಗಿಂತ ಒಳ್ಳೆಯವರು ಸಿಗುವುದಿಲ್ಲ. ಅವಳು ‘ಕರ’ ಅಂದಾಗ ‘ಕರು ಅನ್ನಮ್ಮ’ ಎಂದು ನಡುವೆ ಹೋಗಿ ತಿದ್ದಬೇಡಿ. ಅಲ್ಲಿ ತಿದ್ದಿದರೆ ನಿಲ್ಲುವುದು ಮಾತು. ಬರೆಯುವಾಗ ತಿದ್ದಲು ಬೇಕಾದಷ್ಟು ಸಮಯ ಇದೆ.

ಅಕ್ಷರ ಓದುವುದರಲ್ಲೂ ಜೋಡಿ ಕೆಲಸಕ್ಕೆ ಬರುತ್ತದೆ. ನಮ್ಮ ವರ್ಣಮಾಲೆ 49 ಅಕ್ಷರದ್ದಾದರೂ ಕಾಗುಣಿತ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ. ಒತ್ತಕ್ಷರ ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಬಹಳ ಕಾಲ ಕೆಲಸ ಮಾಡಿರುವ ಸೊನಾಲಿ ನಾಗ್ ಅವರು 2007ರಲ್ಲಿ ತೋರಿಸಿಕೊಟ್ಟ ಹಾಗೆ, ಈ ಅಕ್ಷರಜ್ಞಾನ ಒಂದನೇ ತರಗತಿಯಲ್ಲಿ ಮುಗಿಯುವಂಥದ್ದಲ್ಲ, ನಾಲ್ಕನೇ ತರಗತಿವರೆಗೂ ಬೆಳೆಯುತ್ತಲೇ ಇರುತ್ತದೆ. ‘ಸೂರ್ಯ’ ಅನ್ನುವ ಪದವನ್ನೇ ನೋಡಿ. ಬಾಯಿ ರ ಅನ್ನುವುದನ್ನು ಮೊದಲು ಹೇಳುತ್ತದೆ, ಕಣ್ಣಿಗೆ ಯ ಮೊದಲು ಸಿಗುತ್ತದೆ, ಅರ್ಕಾವತ್ತು ಆಮೇಲೆ. ಒಬ್ಬ ಹುಡುಗ ಅದನ್ನು ‘ಸೂಯ್ರ’ ಅಂತ ಓದಿದ. ಪಕ್ಕದವನು “ಇಲ್ಲ ಕಣ್ಲಾ, ಅದು ಅಂಗೆ ಏಳ್ಲಿಲ್ಲ, ಇನ್ನೊಂದ್ಸಲ ಒತ್ತು” ಅಂದ. ಒತ್ತಿದರು. ಪದಕ್ಕೆ ಬಣ್ಣ ಬಂತು, ‘ಸೂರ್ಯ’ ಅಂತ ಕೇಳಿಸಿತು. ಮೊದಲಿನವನು ಆ ಕೊಂಡಿಯ ಮೇಲೆ ಬೆರಳಿಟ್ಟು “ಇದು ಮುಂದಕ್ಕೆ ಓಗ್ಬೇಕಾ?” ಅಂತ ಕೇಳಿದ. ಟ್ಯಾಬಿನ ನಿಜವಾದ ಉಪಯೋಗ ಇಲ್ಲಿದೆ. ಇಬ್ಬರಿಗೂ ಅನುಮಾನ ಬಂದಾಗ ಪಕ್ಷಪಾತವಿಲ್ಲದೆ ತೀರ್ಪು ಹೇಳುತ್ತದೆ, ತಪ್ಪಿದವನಿಗೆ ಅವಮಾನವಾಗುವುದಿಲ್ಲ. ಆದರೆ ‘ಇದು ಮುಂದಕ್ಕೆ ಹೋಗಬೇಕಾ’ ಎಂಬ ಪ್ರಶ್ನೆ ಹುಟ್ಟಿದ್ದು ಪಕ್ಕದಲ್ಲಿ ಒಬ್ಬ ಗೆಳೆಯ ಇದ್ದದ್ದರಿಂದ. ಒಬ್ಬನೇ ಇದ್ದಿದ್ದರೆ ‘ಸೂಯ್ರ’ ಅಂತ ಓದಿ ಮುಂದಿನ ಪುಟಕ್ಕೆ ಹೋಗಿರುತ್ತಿದ್ದ.

ಈಗ ನಿಮ್ಮ ದೊಡ್ಡ ತಲೆನೋವು, ಒಬ್ಬರೇ ಒತ್ತುತ್ತಿರುವುದು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದವರಿಗೂ ಹಳ್ಳಿ ಶಾಲೆಗಳಲ್ಲಿ ಇದೇ ಕಂಡಿತ್ತು. ಒಂದು ಕಂಪ್ಯೂಟರಿನ ಸುತ್ತ ಐದಾರು ಮಕ್ಕಳು, ಮೌಸ್ ಮಾತ್ರ ಒಬ್ಬನ ಕೈಯಲ್ಲಿ. ಅವರು ಒಂದೇ ಕಂಪ್ಯೂಟರಿಗೆ ಐದು ಮೌಸ್ ಜೋಡಿಸಿದರು. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗ್ರಾಮೀಣ ಭಾರತದ 238 ಮಕ್ಕಳಿಗೆ ಇಂಗ್ಲಿಷ್ ಪದಗಳನ್ನು ಕಲಿಸಿ ನೋಡಿದರು. ಐದು ಜನ ಹಂಚಿಕೊಂಡು ಕಲಿತವರೂ, ಇಡೀ ಕಂಪ್ಯೂಟರನ್ನು ಒಬ್ಬರೇ ಬಳಸಿದವರೂ ಕಲಿತ ಪದಗಳ ಲೆಕ್ಕದಲ್ಲಿ ಸರಿಸಮ ಇದ್ದರು. ಆಟದ ನಿಯಮವನ್ನು ಅವರು ಎರಡು ರೀತಿ ಇಟ್ಟಿದ್ದರು: ಮಕ್ಕಳು ಒಬ್ಬರ ಮೇಲೊಬ್ಬರು ಪೈಪೋಟಿ ನಡೆಸುವುದು ಒಂದು, ಎಲ್ಲರೂ ಕೂಡಿ ಮುಂದೆ ಹೋಗುವುದು ಇನ್ನೊಂದು. ಹುಡುಗಿಯರು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಕಲಿತರು. ಹುಡುಗರ ಕಲಿಕೆ ಮಾತ್ರ ನಿಯಮ ಬದಲಾದಂತೆ ಎದ್ದು ಕಾಣುವಷ್ಟು ಬದಲಾಯಿತು. ಯಂತ್ರ ಅದೇ, ಮಕ್ಕಳೂ ಅಂಥವರೇ, ಬೇರೆಯಾದದ್ದು ನಿಯಮ ಒಂದೇ.

ನಿಮ್ಮ ಟ್ಯಾಬಿಗೆ ಐದು ಮೌಸ್ ಬೇಡ. ನಾನು ಬಳಸಿ ಫಲ ಕಂಡ ನಿಯಮ ಒಂದು: ಬಲಗಡೆ ಕೂತವರದು ಬೆರಳು, ಎಡಗಡೆ ಕೂತವರದು ಮಾತು. ಎಡಗಡೆಯವರು ‘ಆಯ್ತು, ತಿರುಗಿಸು’ ಅನ್ನುವವರೆಗೆ ಬೆರಳು ಮುಟ್ಟುವಂತಿಲ್ಲ. ‘ತಿರುಗಿಸು’ ಅನ್ನುವ ಮೊದಲು ಈ ಪುಟದಲ್ಲಿ ಏನಾಯಿತು ಅಂತ ಒಂದು ಮಾತು ಹೇಳಬೇಕು. ಮೂರು ಪುಟಕ್ಕೊಮ್ಮೆ ಜಾಗ ಅದಲುಬದಲು. ಮೊದಲ ವಾರ ಕಿತ್ತಾಟ ಆಗುತ್ತದೆ, ನೀವೇ ಪಕ್ಕದಲ್ಲಿ ಕೂತು ಮಾಡಿಸಬೇಕು. ಎರಡನೇ ವಾರ ಅವರೇ ಒಬ್ಬರನ್ನೊಬ್ಬರು ಹಿಡಿದು ಕೂರಿಸುತ್ತಾರೆ. ಟ್ಯಾಬನ್ನು ಯಾರ ತೊಡೆಯ ಮೇಲೂ ಇಡಬೇಡಿ, ಇಬ್ಬರ ನಡುವೆ ನೆಲದ ಮೇಲೆ ಇರಲಿ. ತೊಡೆ ಮೇಲೆ ಹೋದರೆ ಅದು ಅವರದ್ದೇ ಆಗಿಬಿಡುತ್ತದೆ.

ಯಾರ ಜೊತೆ ಯಾರು? ಇದರಲ್ಲಿ ನಾನೊಂದು ತಪ್ಪು ಮಾಡಿದ್ದೇನೆ, ಅದನ್ನು ಹೇಳಿಬಿಡುತ್ತೇನೆ. ಬಹಳ ವರ್ಷದ ಹಿಂದೆ ಒಂದು ಶಾಲೆಯಲ್ಲಿ ತುಂಬಾ ಚೆನ್ನಾಗಿ ಓದುವ ಹುಡುಗಿಯ ಪಕ್ಕ, ಅಕ್ಷರವೇ ಬಾರದ ಹುಡುಗನನ್ನು ಕೂರಿಸಿದೆ. ಅವಳು ಕಲಿಸುತ್ತಾಳೆ, ಇವನು ಕಲಿಯುತ್ತಾನೆ ಅಂತ ನನ್ನ ಎಣಿಕೆ. ಹದಿನೈದು ದಿನ ಕಳೆದ ಮೇಲೆ ಅವನು ಪರದೆ ನೋಡುವುದನ್ನೇ ಬಿಟ್ಟು ಅವಳ ಮುಖ ನೋಡುತ್ತಾ ಕೂರುವುದನ್ನು ಕಂಡೆ. ಎಲ್ಲದಕ್ಕೂ ಅವಳೇ ಉತ್ತರ ಹೇಳುತ್ತಿದ್ದಳು, ಇವನ ಪಾಲಿಗೆ ಯೋಚಿಸುವ ಕೆಲಸವೇ ಉಳಿದಿರಲಿಲ್ಲ. ಆ ಹುಡುಗನ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ ಹೇಳಿದ್ದನ್ನು ನಾವೆಲ್ಲ ಡಿ.ಎಡ್.ನಲ್ಲಿ ಪರೀಕ್ಷೆಗಾಗಿ ಬರೆದಿರುತ್ತೇವೆ: ಇನ್ನೊಬ್ಬರ ನೆರವಿನಿಂದ ಮಗು ತಲುಪಬಲ್ಲ ಎತ್ತರ, ತಾನೊಬ್ಬನೇ ತಲುಪುವ ಎತ್ತರಕ್ಕಿಂತ ಹೆಚ್ಚು ಅಂತ. ಆದರೆ ನೆರವು ಕೊಡುವವರು ಕೈಗೆ ಎಟುಕುವಷ್ಟು ಮೇಲಿರಬೇಕು.

ಹಾಗಾಗಿ ಅಂತರ ಸಣ್ಣದಿರಲಿ. ನಲಿ-ಕಲಿಯ ಏಣಿಯಲ್ಲಿ, ಅಂದರೆ ಕಲಿಕೆಯನ್ನು ಮೆಟ್ಟಿಲುಗಳಾಗಿ ಜೋಡಿಸಿದ ಪಟ್ಟಿಯಲ್ಲಿ, ಮೂರು ನಾಲ್ಕು ಮೆಟ್ಟಿಲು ಹಿಂದುಮುಂದಿರುವ ಇಬ್ಬರು ಒಳ್ಳೆಯ ಜೋಡಿ. ನೀವು ಈ ವಿಷಯದಲ್ಲಿ ಅದೃಷ್ಟವಂತರು, ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಅಂತ ನಿಮ್ಮ ಪ್ರಗತಿ ನೋಟದಲ್ಲೇ ಇರುತ್ತದೆ. 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕೂಡಿ ಕಟ್ಟಿದ ಪದ್ಧತಿ ಇದು. ಮಕ್ಕಳು ಗುಂಪಾಗಿ ಕೂರುವ ಐದು ‘ತಟ್ಟೆ’ಗಳಲ್ಲಿ ಸಹಪಾಠಿಗಳ ನೆರವಿನಿಂದ ಕಲಿಯುವ ತಟ್ಟೆಗೂ ಅದರಲ್ಲಿ ಜಾಗ ಇದೆ. ನಿಮ್ಮ ಟ್ಯಾಬುಗಳ ಜಾಗ ಅಲ್ಲೇ. ಹತ್ತು ಮಕ್ಕಳು ಟ್ಯಾಬಿನ ಬಳಿ ಇದ್ದಾಗ ಉಳಿದ ಏಳು ಮಕ್ಕಳು ನಿಮ್ಮ ಜೊತೆ ಇರಲಿ. ಒಬ್ಬ ಮಾತುಗಾರ, ಒಬ್ಬ ಮೌನಿ ಎಂಬ ಜೋಡಿಯನ್ನು ನಾನು ಮಾಡುವುದಿಲ್ಲ. ಇಬ್ಬರು ಮೌನಿಗಳನ್ನು ಒಟ್ಟಿಗೆ ಕೂರಿಸಿ ನೋಡಿ, ಮೂರನೇ ದಿನ ಅವರಲ್ಲಿ ಒಬ್ಬರು ಬಾಯಿ ಬಿಡುತ್ತಾರೆ. ಜಗಳವಾಡುವ ಜೋಡಿಯನ್ನು ಬೇಗ ಬಿಡಿಸಬೇಡಿ. ಏನಕ್ಕೆ ಜಗಳ ಅಂತ ಕಿವಿಗೊಡಿ. ‘ನಂಗೆ ಕೊಡು’ ಅನ್ನುವ ಜಗಳವಾದರೆ ನಿಯಮ ನೆನಪಿಸಿ, ‘ಅದು ಅಂಗಲ್ಲ’ ಅನ್ನುವ ಜಗಳವಾದರೆ ಸುಮ್ಮನೆ ಕೇಳಿಸಿಕೊಳ್ಳಿ.

ಒಂದು ಕಥೆಯನ್ನು ಒಂದೇ ದಿನಕ್ಕೆ ಮುಗಿಸಬೇಡಿ. ಮೊದಲ ದಿನ ಚಿತ್ರ ಮುಟ್ಟದೆ, ಮೊದಲಿಂದ ಕೊನೆವರೆಗೆ ಕೇಳಲಿ. ಎರಡನೇ ದಿನ ಮುಟ್ಟುತ್ತಾ, ನಿಲ್ಲಿಸುತ್ತಾ, ಮಾತಾಡುತ್ತಾ. ಆಗ ಕಪ್ಪೆಯೂ ಕೂಗಿಕೊಳ್ಳಲಿ, ಕಥೆ ಆಗಲೇ ಮನಸ್ಸಿನಲ್ಲಿ ಇರುವುದರಿಂದ ತೊಂದರೆ ಕಡಿಮೆ. ಮೂರನೇ ದಿನ ಸದ್ದು ಆರಿಸಿ, ಚಿತ್ರ ನೋಡುತ್ತಾ ಒಬ್ಬರು ಇನ್ನೊಬ್ಬರಿಗೆ ಹೇಳಲಿ. ಈ ಮೂರನೇ ದಿನವನ್ನು ಏನೇ ಆದರೂ ಬಿಡಬೇಡಿ. ಅಮೆರಿಕದಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು 1988ರಲ್ಲಿ ಎಳೆಯ ಮಕ್ಕಳ ತಂದೆತಾಯಿಗಳಿಗೆ ಕಥೆ ಓದುತ್ತಾ ‘ಏನಾಯ್ತು, ಯಾಕೆ ಹಾಗಾಯ್ತು’ ಅಂತ ಕೇಳಿ ಮಗುವಿನ ಬಾಯಿಂದ ಹೇಳಿಸಲು ಕಲಿಸಿದರು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಬೇರೆ ಮಕ್ಕಳಿಗಿಂತ ಸ್ಪಷ್ಟವಾಗಿ ಮುಂದಿತ್ತು. ಆ ಕೇಳುವ ಕೆಲಸವನ್ನು ನಿಮ್ಮಲ್ಲಿ ಜೊತೆಗಾರರೇ ಮಾಡಬಹುದು. ‘ಆಮೇಲೆ ಏನಾಯ್ತದೆ?’, ‘ಯಾಕಂಗೆ?’ ಈ ಎರಡನ್ನು ಕಲಿಸಿಕೊಟ್ಟರೆ ಸಾಕು. ನಿಮ್ಮ ಕೋಣೆಯಲ್ಲಿ ಐದು ಟ್ಯಾಬ್ ಒಟ್ಟಿಗೆ ಓದಿದರೆ ಯಾವುದೂ ಕೇಳಿಸುವುದಿಲ್ಲ. ಎರಡು ಜೋಡಿ ಜಗಲಿಗೆ, ಒಂದು ಮರದ ಕೆಳಗೆ, ಎರಡು ಒಳಗೆ ಎದುರುಬದುರು ಮೂಲೆಗೆ.

ತಾಯಂದಿರ ಬೇಸರವನ್ನು ತಳ್ಳಿಹಾಕಬೇಡಿ, ಅದು ನ್ಯಾಯವಾದದ್ದೇ. ಭಾರತೀಯ ಮಕ್ಕಳ ತಜ್ಞರ ಸಂಘ ಐದರಿಂದ ಹತ್ತು ವರ್ಷದ ಮಕ್ಕಳಿಗೆ ದಿನಕ್ಕೆ ಎರಡು ಗಂಟೆಗಿಂತ ಕಡಿಮೆ ಪರದೆ ಇರಲಿ ಅನ್ನುತ್ತದೆ. ನೀವು ಕೊಡುವುದು ದಿನಕ್ಕೆ ಹದಿನೈದಿಪ್ಪತ್ತು ನಿಮಿಷ. ಅವರಿಗೆ ಲೆಕ್ಕ ಹೇಳಿ ಒಪ್ಪಿಸುವುದಕ್ಕಿಂತ, ಒಂದು ಶನಿವಾರ ಬೆಳಗ್ಗೆ ಆ ತಾಯಂದಿರನ್ನು ಕರೆದು ಮೂರನೇ ದಿನದ ಕಥೆ ಹೇಳುವುದನ್ನು ಕೇಳಿಸಿ. ಮಗು ಮನೆಯಲ್ಲಿ ಮೊಬೈಲ್ ನೋಡುವಾಗ ಬಾಯಿ ಮುಚ್ಚಿರುತ್ತದೆ, ಇಲ್ಲಿ ಬಾಯಿ ಬಿಟ್ಟಿದೆ ಅನ್ನುವುದು ಅವರಿಗೇ ಕಾಣುತ್ತದೆ.

ಕೊನೆಯದು, ತಲೆಗೊಂದು ಟ್ಯಾಬ್. ಬೇಡ ಅನ್ನಿ ಮೇಡಂ, ಪ್ರೀತಿಯಿಂದಲೇ ಬೇಡ ಅನ್ನಿ. ಕೈಗೊಂದು ಬಂದ ದಿನ ಹದಿನೇಳು ತಲೆ ಹದಿನೇಳು ಪರದೆಯ ಮೇಲೆ ಬಗ್ಗುತ್ತವೆ, ಜೌಗು ಅಂದರೇನು ಅಂತ ಯಾರನ್ನೂ ಯಾರೂ ಕೇಳುವುದಿಲ್ಲ. ಅದೇ ಹಣಕ್ಕೆ ಅವರಿಂದ ಇನ್ನೊಂದು ಕೇಳಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಮುಕ್ತ ಪರವಾನಗಿಯವು, ಇಳಿಸಿಕೊಂಡು ಮುದ್ರಿಸಿಕೊಳ್ಳಲು ಅಡ್ಡಿಯಿಲ್ಲ. ಟ್ಯಾಬಿನಲ್ಲಿ ಜೋಡಿಯಾಗಿ ಓದಿದ ಕಥೆಯನ್ನೇ ಬಣ್ಣದಲ್ಲಿ ಮುದ್ರಿಸಿ, ದಪ್ಪ ರಟ್ಟು ಹಾಕಿಸಿ, ಒಂದೊಂದರದ್ದು ಹದಿನೇಳು ಪ್ರತಿ ಮಾಡಿಸಿಕೊಡಲಿ. ಮೂರನೇ ದಿನದ ಸಂಜೆ ಮಗು ಅದನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೋಗಿ ಅವರಜ್ಜಿಗೋ ತಮ್ಮನಿಗೋ ಓದಿ ಹೇಳಲಿ. ಹತ್ತು ಕಥೆ ಆಗುವಷ್ಟಾದರೆ ಈ ವರ್ಷಕ್ಕೆ ಸಾಕು.